ಪೀಚ್ ಗುಲಾಬಿ ಬೇಡ

ಸುಜಾನ್ ಆ ಹೂವಿನ ಅಂಗಡಿಗೆ ಮೊದಲ ಸಲ ಬಂದವಳಲ್ಲ ಎಂಬ ಗುಮಾನಿ ಇಂದುವಿಗೆ ಹುಟ್ಟಿದ್ದು ಒಂದು ಬಾಗಿಲಿನಿಂದ.

ಅಂಗಡಿ ಇದ್ದದ್ದು ಕ್ವೀನ್ಸ್‌ಬರಿಯಲ್ಲಿ. ತುಮಕೂರಿನ ಕಡೆಯ ರಜನಿ ಎಂಬಾಕೆ ಹದಿನೈದು ವರ್ಷದಿಂದ ಅದನ್ನು ನಡೆಸುತ್ತಿದ್ದಳು. ಮಂಟಪಕ್ಕೂ ಹೂ ಕಟ್ಟುತ್ತಾಳೆ, ಚರ್ಚಿಗೂ ಕಟ್ಟುತ್ತಾಳೆ ಎಂದು ಹೆಸರಿತ್ತು. ಇಂದುವಿಗೆ ಬೇಕಾದದ್ದೂ ಅಂಥವರೇ. ಮಗಳು ಸಂಹಿತಾಳ ಮದುವೆ ಎರಡು ದಿನದ್ದು: ಶನಿವಾರ ಮಧ್ಯಾಹ್ನ ಟೂಟಿಂಗಿನ ಚರ್ಚಿನಲ್ಲಿ, ಭಾನುವಾರ ಬೆಳಿಗ್ಗೆ ಸ್ಟ್ಯಾನ್ಮೋರ್ ಹತ್ತಿರದ ಹಾಲ್ ಒಂದರಲ್ಲಿ ಮುಹೂರ್ತ. ಹುಡುಗ ಶಾನ್ ಸುಜಾನಳ ಮಗ, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆಯವನು. ಎರಡೂ ದಿನ ಗುಲಾಬಿಯೇ ಇರಬೇಕು, ಚರ್ಚಿನ ಹೂವಿಗೂ ಮಂಟಪದ ಹೂವಿಗೂ ಹೊಂದಿಕೆಯಿರಬೇಕು, ಫೋಟೋ ನೋಡಿದವರಿಗೆ ಎರಡು ಬೇರೆ ಬೇರೆ ಮದುವೆ ಅನ್ನಿಸಬಾರದು ಎಂಬುದಷ್ಟೇ ಹುಡುಗ ಹುಡುಗಿಯ ಬೇಡಿಕೆ. ಉಳಿದದ್ದನ್ನು ಇಬ್ಬರು ತಾಯಂದಿರು ಕೂತು ತೀರ್ಮಾನಿಸಲಿ ಎಂದು ಬಿಟ್ಟಿದ್ದರು.

ಹಿಂದಿನ ದಿನ ಇಂದು ಫೋನಿನಲ್ಲಿ ವಿಳಾಸ ಹೇಳಿದಾಗ ಸುಜಾನ್, "ಆ ಕಡೆಯೆಲ್ಲ ನನಗೆ ಗೊತ್ತಿಲ್ಲ ಡಾಕ್ಟ್ರೇ, ಹುಡುಕಿಕೊಂಡು ಬರ್ತೇನೆ" ಅಂದಿದ್ದಳು. ಟೂಟಿಂಗಿನಿಂದ ಎರಡು ಟ್ಯೂಬ್ ರೈಲು ಹಿಡಿದು, ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಂದಿದ್ದಳು. ಅಂಗಡಿಯ ಒಳಗೆ ನಿಲ್ಲದೆ ಹೊರಗೆ ಚಳಿಯಲ್ಲಿ ನಿಂತಿದ್ದಳು. ರಜನಿ ಬಾಗಿಲು ತೆಗೆದು ಇಬ್ಬರಿಗೂ ನಮಸ್ಕಾರ ಹೇಳಿದಳು. ಸುಜಾನಳ ಮುಖವನ್ನು ಮಾತ್ರ ಅವಳು ಸರಿಯಾಗಿ ನೋಡಲೇ ಇಲ್ಲ. ಇದನ್ನು ಇಂದು ಆಗಲೇ ಗಮನಿಸಿದ್ದಳು, ಆದರೆ ತಲೆಗೆ ಹಚ್ಚಿಕೊಂಡಿರಲಿಲ್ಲ.

ಅರ್ಧ ಗಂಟೆ ಬಣ್ಣಗಳ ಮಾತಾಯಿತು. ನಡುವೆ ಸುಜಾನ್, "ಒಂದು ನಿಮಿಷ, ಬಾತ್‌ರೂಮಿಗೆ ಹೋಗಿ ಬರ್ತೇನೆ" ಎಂದು ಎದ್ದಳು. ಆ ಅಂಗಡಿಯ ಹಿಂದೆ ಮೂರು ಬಾಗಿಲುಗಳಿದ್ದವು, ಮೂರೂ ಒಂದೇ ಬೂದು ಬಣ್ಣದವು, ಯಾವುದರ ಮೇಲೂ ಏನೂ ಬರೆದಿರಲಿಲ್ಲ. ಸುಜಾನ್ ಯಾರನ್ನೂ ಕೇಳಲಿಲ್ಲ. ಹೂ ತಂಪಾಗಿಡುವ ಕೋಣೆಯನ್ನು ದಾಟಿ, ಬಲಕ್ಕೆ ತಿರುಗಿ, ಮೂರನೆಯ ಬಾಗಿಲನ್ನು ಭುಜದಿಂದ ಸ್ವಲ್ಪ ಮೇಲಕ್ಕೆತ್ತಿ ನೂಕಿದಳು. ಆ ಬಾಗಿಲು ಹಾಗೆ ಎತ್ತಿ ನೂಕಿದರೆ ಮಾತ್ರ ತೆರೆಯುತ್ತದೆ ಎಂಬುದು ಆಮೇಲೆ ತಾನೂ ಹೋದಾಗ ಇಂದುವಿಗೆ ತಿಳಿಯಿತು.

ಇಂದು ಮೂವತ್ತು ವರ್ಷದಿಂದ ಅನಸ್ತೇಶಿಯಾ ಡಾಕ್ಟರು. ಆಪರೇಷನ್ ಟೇಬಲ್ಲಿನ ತಲೆಯ ಕಡೆ ಕೂತು, ಮಲಗಿದವರ ಉಸಿರನ್ನೂ ನಾಡಿಯನ್ನೂ ಕಾಯುವುದು ಅವಳ ಕೆಲಸ. ಸಣ್ಣದೊಂದು ಏರುಪೇರು ಕಂಡರೂ ಕಾರಣ ಹುಡುಕದೆ ಬಿಡುವ ಜಾತಿಯಲ್ಲ. ಸುಜಾನ್ ಮರಳಿ ಬಂದು ಕೂತಾಗ ಇಂದು ಮಾತು ಮುಂದುವರಿಸಿದಳು, ಕಣ್ಣು ಮಾತ್ರ ಕಾವಲಿಗೆ ಕೂತಿತು.

ಇಂದುವಿಗೆ ಮಂಟಪಕ್ಕೆ ಕಡುಗೆಂಪು ಗುಲಾಬಿ ಬೇಕಿತ್ತು. ಸುಜಾನಳಿಗೆ ಚರ್ಚಿಗೆ ಬಿಳಿ. ಎರಡನ್ನೂ ಹೊಂದಿಸುವ ನಡುವಿನ ಬಣ್ಣ ಯಾವುದು ಎಂದು ನೋಡುತ್ತಿದ್ದಾಗ ಮೂಲೆಯ ಬಕೆಟ್ಟಿನಲ್ಲಿ ಪೀಚ್ ಬಣ್ಣದ ದುಂಡು ಗುಲಾಬಿಗಳು ಇಂದುವಿನ ಕಣ್ಣಿಗೆ ಬಿದ್ದವು.

"ಇವು ಛಂದ ಅವ ಅಲ್ರೀ? ಇವನ್ನ ಎರಡೂ ಕಡೆ ಹಾಕಬಹುದು" ಅಂದಳು.

"ಪೀಚ್ ಬೇಡ" ಅಂದಳು ಸುಜಾನ್.

"ಯಾಕ್ರಿ, ಫೋಟೋದಾಗ ಭಾಳ..."

"ಬೇಡ ಡಾಕ್ಟ್ರೇ. ಬೇರೆ ಯಾವುದಾದ್ರೂ ಆಗ್ಲಿ. ಪೀಚ್ ಬೇಡ."

ರಜನಿ ತಕ್ಷಣ ಎದ್ದು ಆ ಬಕೆಟ್ಟನ್ನು ಎತ್ತಿಕೊಂಡು ಒಳಗಿಟ್ಟು ಬಂದಳು. ಗಿರಾಕಿಗೆ ಒಂದು ಬಣ್ಣ ಹಿಡಿಸದಿದ್ದರೆ ಯಾವ ಹೂವಿನವರೂ ಬಕೆಟ್ ಎತ್ತಿ ಒಳಗಿಡುವುದಿಲ್ಲ.

ಸ್ಟ್ಯಾನ್ಮೋರಿನ ಮನೆಗೆ ಬಂದವಳೇ ಇಂದು ಗಂಡನ ಎದುರು ಕೂತಳು. ಲಕ್ಷ್ಮೀಶ ಮೈಸೂರಿನವನು, ಎಡ್ಜ್‌ವೇರಿನಲ್ಲಿ ಜಿಪಿ, ಬಡಾವಣೆಯ ಡಾಕ್ಟರು. ದಿನವಿಡೀ ಜನರ ಅನುಮಾನಗಳನ್ನೇ ಕೇಳಿ ಕೇಳಿ ಮನೆಯಲ್ಲಿ ಯಾವ ಅನುಮಾನಕ್ಕೂ ಬಗ್ಗದವನಾಗಿದ್ದ.

"ಆಕಿಗೆ ಆ ಅಂಗಡಿ ಗೊತ್ತದ ರೀ. ಗೊತ್ತಿಲ್ಲ ಅಂತ ಸುಳ್ಳು ಹೇಳ್ಯಾಳ. ಆ ರಜನಿನೂ ಕೂಡ್ಯಾಳ ಅದರಾಗ."

"ಬಾತ್‌ರೂಮ್ ಸಿಕ್ತು ಅಂತ ಒಬ್ರ ಮೇಲೆ ಕೇಸ್ ಹಾಕ್ತೀಯಾ?"

"ನಗಬ್ಯಾಡ್ರಿ. ಗೊತ್ತಿರೋ ಜಾಗಾನ ಗೊತ್ತಿಲ್ಲ ಅನ್ನೋದು ಯಾಕ?"

"ಅವ್ರಿಗೆ ಏನೋ ಇರುತ್ತೆ ಬಿಡು ಇಂದು. ಎಲ್ಲಾನೂ ನಮಗೆ ಹೇಳ್ಬೇಕು ಅಂತ ಎಲ್ಲಿದೆ?"

ಎಲ್ಲಿದೆ ಎಂದರೆ, ಮಗಳನ್ನು ಕೊಡುವ ಮನೆಯಲ್ಲಿದೆ ಅಂದುಕೊಂಡಳು ಇಂದು, ಬಾಯಿಬಿಟ್ಟು ಹೇಳಲಿಲ್ಲ. ಹೇಳದ ಇನ್ನೊಂದು ಮಾತೂ ಇತ್ತು. ಸುಜಾನ್ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ರಿಟೈರ್ ಆದವಳು, ಗಂಡ ಗಿಲ್ಬರ್ಟ್ ಟ್ಯೂಬ್ ರೈಲು ಓಡಿಸಿದವನು. ಅವರ ಮನೆ, ಕೆಲಸದ ಬಗ್ಗೆ ತನಗೆ ಯಾವ ತಾತ್ಸಾರವೂ ಇಲ್ಲ ಎಂದು ಇಂದು ನಂಬಿದ್ದಳು. ಆದರೂ ಸಂಶಯ ಹುಟ್ಟಿದಾಗ ಅದು ಎಷ್ಟು ಬೇಗ ಬೇರು ಬಿಟ್ಟಿತೆಂದರೆ, ನೆಲ ಮೊದಲೇ ಹದವಾಗಿತ್ತೋ ಏನೋ ಎಂದು ಅವಳಿಗೇ ಮುಜುಗರವಾಗುವಂತಿತ್ತು.

ಮರುದಿನ ಹೂವಿನ ಹಾರದ ಅಳತೆ ಕೇಳುವ ನೆವದಲ್ಲಿ ರಜನಿಗೆ ಫೋನ್ ಮಾಡಿದಳು. ಕೊನೆಗೆ, ಏನೋ ನೆನಪಾದವಳಂತೆ, "ನಮ್ಮ ಬೀಗರು ಮೊದಲು ನಿಮ್ಮ ಕಡೆ ಹೂ ತಗೊಂಡಿದ್ರೇನ್ರಿ?" ಎಂದು ಕೇಳಿದಳು.

"ತುಂಬಾ ಜನ ಬರ್ತಾರೆ ಮೇಡಂ. ಎಲ್ಲರದ್ದೂ ನೆನಪಿರಲ್ಲ."

ನಾಲ್ಕು ವರ್ಷದ ಹಿಂದಿನ ಮದುವೆಯ ಹಾರದ ಉದ್ದವನ್ನು ನೆನಪಿನಿಂದಲೇ ಹೇಳಿದ ಹೆಂಗಸು ಅವಳು, ಅದೂ ಐದು ನಿಮಿಷದ ಹಿಂದೆ.

ಆ ಭಾನುವಾರ ಮಧ್ಯಾಹ್ನ ಇಂದು ಊಟ ಮುಗಿಸಿ ಸೋಫಾದ ಮೇಲೆ ಕೂತು ರಜನಿಯ ಅಂಗಡಿಯ ಇನ್‌ಸ್ಟಾಗ್ರಾಂ ತೆರೆದಳು. ಮಂಟಪಗಳು, ಕಾರುಗಳು, ಬುಟ್ಟಿಗಳು, ಬಾಗಿಲ ತೋರಣಗಳು. ಹೆಬ್ಬೆರಳಿನಿಂದ ತಳ್ಳುತ್ತ ತಳ್ಳುತ್ತ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಹಿಂದಕ್ಕೆ ಹೋದಳು. ನಾಲ್ಕು ವರ್ಷದ ಹಿಂದಿನ ಮೇ ತಿಂಗಳಿಗೆ ಬಂದಾಗ ಬೆರಳು ನಿಂತಿತು.

ಅದೇ ಅಂಗಡಿ. ಅದೇ ಮೂರು ಬೂದು ಬಾಗಿಲುಗಳು. ಅವುಗಳ ಮುಂದೆ ನೀಲಿ ಸೂಟು ಹಾಕಿಕೊಂಡು, ಎದೆಯ ಮೇಲೆ ಒಂದು ಪೀಚ್ ಬಣ್ಣದ ಗುಲಾಬಿ ಸಿಕ್ಕಿಸಿಕೊಂಡು, ಹಲ್ಲೆಲ್ಲ ಕಾಣುವಂತೆ ನಗುತ್ತ ನಿಂತಿದ್ದ ಶಾನ್. ಕೆಳಗೆ ಒಂದೇ ಸಾಲು: ಜೂನ್ ಮದುವೆಗೆ ಕೋಟಿನ ಹೂವಿನ ಟ್ರಯಲ್.

ಇಂದು ಆ ಸಾಲನ್ನು ಎರಡು ಸಲ ಓದಿದಳು. ಹುಡುಗನಿಗೆ ಮೊದಲೇ ಒಂದು ಮದುವೆಯಾಗಿದೆ. ಆಗಿ ಮುರಿದಿದೆ, ಇಲ್ಲವೇ ಆಗುವ ಮೊದಲೇ ಮುರಿದಿದೆ. ತಾಯಿ ಅದನ್ನು ಮುಚ್ಚಿಡುತ್ತಿದ್ದಾಳೆ. ಹೂವಿನವಳು ಮುಚ್ಚಿಡುತ್ತಿದ್ದಾಳೆ. ಆಗಲೇ ಇನ್ನೊಂದು ವಿಷಯ ಹೊಳೆದು ಅವಳು ನೆಟ್ಟಗೆ ಕೂತಳು: ರಜನಿಯ ಅಂಗಡಿಯ ಹೆಸರನ್ನು ತನಗೆ ಮೊದಲು ಹೇಳಿದವಳು ಸಂಹಿತಾ.

ಲಕ್ಷ್ಮೀಶ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಈ ಸಲ ನಗಲಿಲ್ಲ. "ಹುಡುಗನ್ನೇ ಕೇಳಿಬಿಡು" ಅಂದ.

"ಕೇಳಿದ್ರ ಖರೇ ಹೇಳತಾನಂತ ಏನು ಗ್ಯಾರಂಟಿ?"

"ಇಂದು, ಹಾಗಾದ್ರೆ ಯಾರನ್ನ ಕೇಳ್ತೀಯಾ?"

ಮಗಳನ್ನು ಕೇಳಿದಳು. ಸೀರೆಯ ಬ್ಲೌಸ್ ತರಲು ಇಬ್ಬರೇ ಕಾರಿನಲ್ಲಿ ಹೋಗುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಇಂದು ಫೋನನ್ನು ಅವಳ ಮುಂದೆ ಹಿಡಿದಳು. ಸಂಹಿತಾ ಫೋಟೋ ನೋಡಿದಳು, ರಸ್ತೆ ನೋಡಿದಳು, ಹಸಿರು ದೀಪ ಬಂದಿತ್ತು, ಹಿಂದಿನವರು ಹಾರ್ನ್ ಹೊಡೆದರು.

"ಅಮ್ಮ, ಐ ನೋ ಅಬೌಟ್ ಇಟ್."

"ಏನು ಗೊತ್ತು? ಅವನ ಮದುವಿ ಆಗಿತ್ತೇನು?"

"ನೋ. ಅವನದ್ದಲ್ಲ."

"ಮತ್ತ ಯಾರದು?"

ಸಂಹಿತಾ ಎರಡು ತಿರುವು ದಾಟಿಸಿದಳು. ಆಮೇಲೆ, "ಇಟ್ಸ್ ನಾಟ್ ಮೈನ್ ಟು ಟೆಲ್, ಅಮ್ಮ. ಶಾನ್ ನನಗೆ ಎಲ್ಲಾ ಹೇಳಿದಾನೆ. ಪ್ಲೀಸ್, ಲೀವ್ ಇಟ್" ಅಂದಳು. ಅಪರೂಪಕ್ಕೆ ಬಾಯಿಗೆ ಬಂದ ಆ ಕನ್ನಡದ ಸಾಲನ್ನು ಅವಳು ಬೇಕೆಂದೇ ಆಡಿದ್ದಳು, ತಾಯಿ ನಂಬಲಿ ಎಂದು. ಇಂದುವಿಗೆ ಅದು ತದ್ವಿರುದ್ಧವಾಗಿ ಕೇಳಿಸಿತು. ಇಪ್ಪತ್ತೊಂಬತ್ತು ವರ್ಷ ಸಾಕಿದ ಮಗಳು ಈಗಾಗಲೇ ಆ ಕಡೆಯವಳಾಗಿ, ಆ ಮನೆಯ ಗುಟ್ಟನ್ನು ತನ್ನಿಂದ ಕಾಯುತ್ತಿದ್ದಾಳೆ.

ಮಂಗಳವಾರ ಇಂದುವಿಗೆ ಆಸ್ಪತ್ರೆ ಇರಲಿಲ್ಲ. ಯಾರಿಗೂ ಹೇಳದೆ, ಫೋನೂ ಮಾಡದೆ ಕ್ವೀನ್ಸ್‌ಬರಿಗೆ ಹೋದಳು.

ಅಂಗಡಿಯ ಮುಂಭಾಗದಲ್ಲಿ ಯಾರೂ ಇರಲಿಲ್ಲ. ಒಳಗಿನ ಉದ್ದನೆಯ ಮೇಜಿನ ಮೇಲೆ ಗುಲಾಬಿಗಳು ಹರಡಿದ್ದವು. ಎಡದ ತುದಿಯಲ್ಲಿ ಕೆನೆ ಬಣ್ಣ, ಆಮೇಲೆ ತೆಳು ಗುಲಾಬಿ, ಸ್ವಲ್ಪ ಗಾಢ, ಇನ್ನೂ ಗಾಢ, ಬಲದ ತುದಿಗೆ ಬರುವಷ್ಟರಲ್ಲಿ ಇಂದು ಕೇಳಿದ್ದ ಕಡುಗೆಂಪು. ಒಂದೇ ಹೂವು ಬೆಳಗಿನಿಂದ ಬೈಗಿನವರೆಗೆ ನಡೆದುಹೋದ ಹಾಗಿತ್ತು. ಚರ್ಚಿನಲ್ಲಿ ಕೆನೆಯಿಂದ ಶುರುವಾಗಿ ನಡುವಿನ ಗುಲಾಬಿಯವರೆಗೆ, ಮಂಟಪದಲ್ಲಿ ಅದೇ ನಡುವಿನ ಗುಲಾಬಿಯಿಂದ ಶುರುವಾಗಿ ಕೆಂಪಿನವರೆಗೆ ಎಂದು ಯಾರೂ ವಿವರಿಸದೆಯೇ ಅವಳಿಗೆ ತಿಳಿಯಿತು. ಇಷ್ಟು ದಿನ ಇಬ್ಬರು ತಾಯಂದಿರು ಎಳೆದಾಡುತ್ತಿದ್ದುದನ್ನು ಯಾರೋ ಸದ್ದಿಲ್ಲದೆ ಬಿಡಿಸಿಟ್ಟಿದ್ದರು.

ಮೇಜಿನ ಆಚೆ ಒಬ್ಬ ಹೆಂಗಸು ಬಗ್ಗಿ ಗುಲಾಬಿಯ ಮುಳ್ಳು ಕೆರೆಯುತ್ತಿದ್ದಳು. ಮೂವತ್ತರ ಆಸುಪಾಸು, ಗಿಡ್ಡ ಕೂದಲು. ತಲೆಯೆತ್ತಿದಳು. ಶಾನ್‌ನ ಹುಬ್ಬು, ಶಾನ್‌ನ ಗಲ್ಲ.

"ನೀನು ಮಿಶೆಲ್ ಏನು?" ಇಂದು ಕೇಳಿದಳು.

ಶಾನ್‌ಗೆ ಒಬ್ಬ ಅಕ್ಕ ಇದ್ದಾಳೆ, ಲೀಡ್ಸಿನಲ್ಲಿದ್ದಾಳೆ, ರಜೆ ಸಿಗುವುದು ಕಷ್ಟ, ಮದುವೆಗೆ ಬರುವುದೂ ಅನುಮಾನ ಎಂದು ಸುಜಾನ್ ಒಮ್ಮೆ ಹೇಳಿ, ಆ ಮಾತನ್ನು ಅಲ್ಲಿಗೇ ನಿಲ್ಲಿಸಿದ್ದಳು.

ಮಿಶೆಲ್ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಒಳಗಿನಿಂದ ರಜನಿ ಓಡಿಬಂದು ಇಬ್ಬರನ್ನೂ ನೋಡಿ, ಹಣೆ ಒತ್ತಿಕೊಂಡು, "ಕೂತ್ಕೊಳಿ ಮೇಡಂ, ಟೀ ಮಾಡ್ತೀನಿ" ಎಂದು ಮತ್ತೆ ಒಳಗೆ ಹೋದಳು.

ಮಿಶೆಲ್‌ಗೆ ಕನ್ನಡ ಅರ್ಥವಾಗುತ್ತಿತ್ತು, ಮಾತಾಡಿದ್ದು ಇಂಗ್ಲಿಷಿನಲ್ಲಿ. ಮೂರು ವರ್ಷ ಇದೇ ಅಂಗಡಿಯಲ್ಲಿ ರಜನಿಯ ಜೊತೆ ಕೆಲಸ ಕಲಿತಿದ್ದಳಂತೆ. ಸುಜಾನ್ ಆಗ ವಾರಕ್ಕೊಮ್ಮೆಯಾದರೂ ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಮಿಶೆಲ್‌ಗೆ ಮದುವೆ ಗೊತ್ತಾಗಿತ್ತು. ತನ್ನ ಮದುವೆಯ ಹೂವನ್ನು ತಾನೇ ಆರಿಸಿದ್ದಳು, ಎಲ್ಲ ಪೀಚ್ ಗುಲಾಬಿ. ತಮ್ಮನನ್ನು ನಿಲ್ಲಿಸಿ ಕೋಟಿನ ಹೂವು ಹೇಗೆ ಕಾಣುತ್ತದೆಂದು ನೋಡಿದ್ದಳು. ಮದುವೆಗೆ ಒಂಬತ್ತು ದಿನವಿದ್ದಾಗ ಹುಡುಗನ ಕಡೆಯವರು ಬೇಡವೆಂದರು. ಹೂವಿಗೆ ಹಾಲೆಂಡಿನಲ್ಲಿ ಆರ್ಡರ್ ಕೊಟ್ಟಾಗಿತ್ತು, ನಿಲ್ಲಿಸಲಾಗಲಿಲ್ಲ. ಪೆಟ್ಟಿಗೆಗಳು ಟೂಟಿಂಗಿನ ಮನೆಗೆ ಬಂದವು. ಎಸೆಯಲು ಯಾರಿಗೂ ಕೈ ಬರದೆ ಅವು ಬಾತ್‌ಟಬ್ಬಿನಲ್ಲಿ ಒಂದು ವಾರ ಇದ್ದವು. ಆ ವಾರ ಮನೆಯವರೆಲ್ಲ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡಿ ಬಂದರು.

"ಯಾಕ ಬ್ಯಾಡ ಅಂದ್ರು?" ಇಂದು ಕೇಳಿದಳು.

ಹತ್ತೊಂಬತ್ತು ವರ್ಷದವಳಿದ್ದಾಗ ತಾನು ಆರು ವಾರ ಆಸ್ಪತ್ರೆಯಲ್ಲಿದ್ದೆ ಎಂದಳು ಮಿಶೆಲ್. ಮನಸ್ಸಿನ ಕಾಯಿಲೆಯ ವಾರ್ಡು. ಆಮೇಲೆ ವಾಸಿಯಾಗಿತ್ತು. ಮದುವೆಯಾಗಬೇಕಿದ್ದ ಹುಡುಗನಿಗೆ ಅದನ್ನು ತಾನೇ ಹೇಳುವುದೆಂದು, ಯಾವಾಗ ಹೇಳುವುದೆಂದು ಲೆಕ್ಕ ಹಾಕಿಕೊಂಡಿದ್ದಳು. ಅಷ್ಟರಲ್ಲಿ ಅಮ್ಮ ಒಂದು ದಿನ ಬಲಿಪೂಜೆ ಮುಗಿಸಿ, ಚರ್ಚಿನ ಮೆಟ್ಟಿಲ ಮೇಲೆ, ಹುಡುಗನ ತಾಯಿಗೆ ಎಲ್ಲ ಹೇಳಿಬಿಟ್ಟಳು. ಮುಚ್ಚಿಟ್ಟು ಮದುವೆ ಮಾಡಬಾರದು, ಅದು ಪಾಪ ಎಂಬುದು ಅವಳ ನಂಬಿಕೆ. ಮಗಳನ್ನು ಒಂದು ಮಾತು ಕೇಳಲಿಲ್ಲ. ಅಂದಿನಿಂದ ಮಿಶೆಲ್ ಅಮ್ಮನ ಜೊತೆ ಮಾತಾಡಿಲ್ಲ. ಅಪ್ಪ ಫೋನ್ ಮಾಡುತ್ತಾನೆ, ಶಾನ್ ಬಂದು ಹೋಗುತ್ತಾನೆ, ಈಗ ಸಂಹಿತಾ ಕೂಡ. ತಮ್ಮನ ಮದುವೆಯ ಹೂವನ್ನು ತಾನೇ ಮಾಡಬೇಕೆಂದು ಆಸೆ, ಅದಕ್ಕೇ ಲೀಡ್ಸಿನಿಂದ ರಜೆ ಹಾಕಿ ಬಂದಿದ್ದಾಳೆ. ಶಾನ್, ಸಂಹಿತಾ, ರಜನಿ ಮೂವರೂ ಸೇರಿ ಏರ್ಪಾಡು ಮಾಡಿದ್ದಾರೆ. ಅಮ್ಮನಿಗೆ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ಹೂ ಕಟ್ಟಿ ಹತ್ತು ಗಂಟೆಗೆ ಹೊರಟುಬಿಡುತ್ತೇನೆ ಎಂದಳು.

ಇಂದು ಎಲ್ಲವನ್ನೂ ಕೇಳಿಸಿಕೊಂಡಳು. ಮರುಕ ಬರಬೇಕಾದ ಕಡೆ ಬಂತು. ಅದರ ಹಿಂದೆಯೇ, ಕರೆಯದಿದ್ದರೂ, ಅವಳೊಳಗಿನ ಡಾಕ್ಟರು ಎದ್ದು ಕೂತಳು. ಅಕ್ಕನಿಗೆ ಇದ್ದದ್ದು ತಮ್ಮನಿಗೆ? ನಾಳೆ ಹುಟ್ಟುವ ಮಕ್ಕಳಿಗೆ?

"ಈಗೂ ಗುಳಿಗಿ ತಗೋತೀಯೇನು?" ಬಾಯಿಂದ ಜಾರಿಹೋಯಿತು. "ಮನಿಯೊಳಗ ಬೇರೆ ಯಾರಿಗರೆ ಇತ್ತೇನು?"

ಮಿಶೆಲಳ ಮುಖ ಮುಚ್ಚಿಕೊಂಡಿತು. ಕತ್ತರಿ ಕೈಗೆತ್ತಿಕೊಂಡು, ಅವಳು ಮೊದಲ ಸಲ ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ ಹೇಳಿದಳು. "ಅವನ ಅಮ್ಮ, ಆ ಆಂಟಿ ಕೂಡ ಇದೇ ಕೇಳಿದ್ದು. ಎರಡು ಪ್ರಶ್ನೆ. ಇದೇ ಎರಡು."

ರಜನಿ ತಂದಿಟ್ಟ ಟೀ ಆರುತ್ತಿತ್ತು. ಇಂದುವಿಗೆ ಕೂತಲ್ಲಿ ಕೂರಲಾಗಲಿಲ್ಲ. ತಪ್ಪಾಯಿತು ಎನ್ನಲು ಹೊರಟರೆ ಅದೂ ಇನ್ನೊಂದು ಪ್ರಶ್ನೆಯಂತೆ ಕೇಳಿಸೀತೆಂದು ಅನ್ನಿಸಿತು. ಕೊನೆಗೆ ಮೇಜಿನ ಮೇಲಿನ ಹೂಗಳ ಸಾಲನ್ನು ತೋರಿಸಿ, "ಇದು ಹಿಂಗ ಇರ್ಲಿ. ಒಂದೂ ಬದಲು ಮಾಡಬ್ಯಾಡ" ಅಂದಳು. "ನಾ ಯಾರಿಗೂ ಹೇಳಂಗಿಲ್ಲ."

ಮಿಶೆಲ್ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಆ ಸಂಜೆ ಇಂದು ಸಂಹಿತಾಳಿಗೆ ಫೋನ್ ಮಾಡಿ, "ನೋಡಿ ಬಂದೆ, ಆಕಿನ್ನ" ಅಂದಳು. ಸಂಹಿತಾ, "ಆರ್ ಯೂ ಗೋಯಿಂಗ್ ಟು ಬಿ ವಿಯರ್ಡ್ ಅಬೌಟ್ ಇಟ್?" ಎಂದು ಕೇಳಿದಳು. ಇಲ್ಲ ಅಂದಳು ಇಂದು. ಆದರೆ ಮೂರು ದಿನ ಅವಳ ತಲೆಯೊಳಗೆ ಆ ಎರಡು ಪ್ರಶ್ನೆಗಳು ತಿರುಗುತ್ತಲೇ ಇದ್ದವು. ಲಕ್ಷ್ಮೀಶನ ಚಿಕ್ಕಪ್ಪ ಶ್ರೀರಂಗ ವರ್ಷಗಟ್ಟಲೆ ಕೋಣೆಯಿಂದ ಹೊರಗೆ ಬರದೆ ಕೂತದ್ದು, ಅದನ್ನು ತಮ್ಮ ಮದುವೆಯ ಹೊತ್ತಿಗೆ ಯಾರೂ ತನಗೆ ಹೇಳದಿದ್ದದ್ದು ಅವಳಿಗೆ ನೆನಪಾದದ್ದು ನಾಲ್ಕನೆಯ ದಿನ, ಪಾತ್ರೆ ತೊಳೆಯುವಾಗ. ನಲ್ಲಿ ನಿಲ್ಲಿಸಿದಳು.

ಶುಕ್ರವಾರ ಸುಜಾನಳ ಫೋನು ಬಂತು.

"ಡಾಕ್ಟ್ರೇ, ಒಂದು ಕೇಳ್ತೇನೆ. ನೀವು ಕೆಂಪೇ ಬೇಕು ಅಂತ ಹಟ ಮಾಡ್ತಿದ್ರಿ. ಈಗ ರಜನಿಯವರು ಕಳಿಸಿದ ಫೋಟೋಕ್ಕೆ ಒಂದೇ ಸಲಕ್ಕೆ ಸರಿ ಅಂದ್ರಿ. ಎಂತ ವಿಷಯ?"

"ಛಂದ ಅನ್ನಿಸ್ತು ರೀ, ಅದಕ್ಕ."

"ಅಷ್ಟೇಯಾ?"

"ಅಷ್ಟ."

ಸುಜಾನ್ ಫೋನ್ ಇಡಲಿಲ್ಲ. "ಯಾರಾದ್ರೂ ನಿಮ್ಮ ಹತ್ರ ಎಂತಾದ್ರೂ ಹೇಳಿದ್ರಾ? ನಮ್ಮ ಮನೆ ವಿಷಯ? ಮಂಗಳವಾರ ನೀವು ಅಂಗಡಿಗೆ ಹೋದ್ರಿ ಅಂತೆ, ಸಂಹಿತಾ ಶಾನ್‌ನ ಹತ್ರ ಫೋನಲ್ಲಿ ಹೇಳುದು ಕೇಳಿತು ನನಗೆ."

"ಹಾರದ ಅಳತಿ ಕೊಡ್ಲಿಕ್ಕೆ ಹೋಗಿದ್ದೆ ರೀ." ಅಳತೆಯನ್ನು ಫೋನಿನಲ್ಲೇ ಕೊಟ್ಟಾಗಿತ್ತು.

"ಹೌದಾ" ಅಂದಳು ಸುಜಾನ್, ನಂಬದ ದನಿಯಲ್ಲಿ.

ಇಷ್ಟು ದಿನ ತಾನು ಆ ದನಿಯಲ್ಲಿ ಹುಡುಕುತ್ತಿದ್ದದ್ದು ಕಪಟವನ್ನು. ಈಗ ಕೇಳಿದರೆ ಅದರಲ್ಲಿ ಇದ್ದದ್ದು ಬರೀ ಹೆದರಿಕೆ. ಒಂದು ಮದುವೆ ಬಾಯಿಂದ ಕೆಟ್ಟಿತು, ಇನ್ನೊಂದು ಕೆಡದಿರಲಿ ಎಂದು ಬಾಯಿ ಕಟ್ಟಿಕೊಂಡವಳ ಹೆದರಿಕೆ. ಅದು ಅರ್ಥವಾದ ಮೇಲೂ ಇಂದುವಿಗೆ ಏನೂ ಹೇಳುವಂತಿರಲಿಲ್ಲ. ಮಾತು ಕೊಟ್ಟಾಗಿತ್ತು. ಈಗ ಸುಳ್ಳು ಹೇಳುವ ಬೀಗಿತ್ತಿ ತಾನೇ.

ಅದರ ಮುಂದಿನ ವಾರ, ಮದುವೆಯ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಂದು ಟೂಟಿಂಗಿನ ಚರ್ಚಿಗೆ ಹೋದಳು. ಮದುವೆಯ ಪೂಜೆ ಇದ್ದದ್ದು ಒಂದು ಗಂಟೆಗೆ. ರಜನಿಯ ವ್ಯಾನು ಪಕ್ಕದ ಓಣಿಯಲ್ಲಿ ನಿಂತಿತ್ತು. ಒಳಗೆ ಮಿಶೆಲ್ ಬೆಂಚುಗಳ ತುದಿತುದಿಗೂ ಗುಲಾಬಿಯ ಗೊಂಚಲು ಕಟ್ಟುತ್ತ ಬಾಗಿಲ ಕಡೆಯಿಂದ ಆಲ್ಟರಿನ ಕಡೆಗೆ ಹೋಗುತ್ತಿದ್ದಳು. ಬಾಗಿಲ ಹತ್ತಿರ ಕೆನೆ ಬಣ್ಣ, ಮುಂದೆ ಹೋದಂತೆ ಗುಲಾಬಿ. ಇಂದುವನ್ನು ನೋಡಿ ಸಣ್ಣಗೆ ಕೈಯೆತ್ತಿದಳು.

ಇಂದು ಹೊರಗೆ ಬಂದು ಕಟ್ಟೆಯ ಮೇಲೆ ನಿಂತಳು. ಒಂಬತ್ತೂವರೆಗೆ ರಸ್ತೆಯ ತಿರುವಿನಲ್ಲಿ ಸುಜಾನ್ ಕಂಡಳು. ತಲೆಗೆ ರೋಲರ್‌ಗಳನ್ನು ಸುತ್ತಿಕೊಂಡು, ಅದರ ಮೇಲೆ ಸ್ಕಾರ್ಫ್ ಕಟ್ಟಿ, ಹಳೆಯ ಕಾರ್ಡಿಗನ್ ಹಾಕಿಕೊಂಡು ಬಿರಬಿರನೆ ಬರುತ್ತಿದ್ದಳು. ಮಗನ ಮದುವೆಯ ದಿನ ಯಾವ ತಾಯಿಯೂ ಹಾಗೆ ಬೀದಿಗೆ ಬರುವುದಿಲ್ಲ.

"ಒಳಗ ಇನ್ನೂ ಕೆಲಸ ನಡದದ ರೀ" ಇಂದು ಮೆಟ್ಟಿಲಿಳಿದು ಅಡ್ಡ ನಿಂತಳು. "ಪೂರಾ ಆದಮ್ಯಾಲೆ ನೋಡಿದ್ರ ಛಂದ. ಬರ್ರಿ, ಒಂದು ಕಾಫಿ ಕುಡದು ಬರೋಣು."

ಸುಜಾನ್ ಅವಳನ್ನು ನೇರವಾಗಿ ನೋಡಿದಳು. "ನೀವು ಇಷ್ಟು ಬೇಗ ಇಲ್ಲಿ ಎಂತ ಮಾಡ್ತಿದ್ದೀರಿ?"

"ಹೂ ನೋಡ್ಲಿಕ್ಕೆ ಬಂದೆ."

"ನಾನೂ ಅದಕ್ಕೇ ಬಂದದ್ದು. ಮೂವತ್ತು ವರ್ಷದಿಂದ ಬರುವ ಚರ್ಚ್ ಇದು. ಒಳಗೆ ಹೋಗ್ಲಿಕ್ಕೆ ನಿಮ್ಮನ್ನು ಕೇಳ್ಬೇಕಾ?"

ಇಂದು ಸರಿದು ನಿಂತಳು.

ಬಾಗಿಲು ದಾಟಿದ ಸುಜಾನ್ ನಾಲ್ಕೇ ಹೆಜ್ಜೆ ಇಟ್ಟಳು. ಮಿಶೆಲ್ ಆಲ್ಟರಿಗೆ ಹತ್ತಿರದ ಬೆಂಚಿನ ಬಳಿ ಮಂಡಿಯೂರಿ ಕೂತಿದ್ದಳು, ಬಾಯಲ್ಲಿ ದಾರ ಕಚ್ಚಿಕೊಂಡು. ಹೆಜ್ಜೆಯ ಸದ್ದಿಗೆ ತಿರುಗಿದಳು. ತಿರುಗಿ, ಅಮ್ಮನನ್ನು ನೋಡಿ, ಮತ್ತೆ ಹೂವಿನ ಕಡೆ ತಿರುಗಿ, ಅರ್ಧ ಕಟ್ಟಿದ ಗಂಟನ್ನು ಪೂರ್ತಿ ಮಾಡಿದಳು.

ಸುಜಾನ್ ಹತ್ತಿರದ ಬೆಂಚನ್ನು ಹಿಡಿದುಕೊಂಡು ಕೂತಳು. ಕೊಂಕಣಿಯಲ್ಲಿ ಏನೋ ಕೇಳಿದಳು. ಸಣ್ಣ ಪ್ರಶ್ನೆ. ಮಿಶೆಲ್ ಮುಂದಿನ ಗೊಂಚಲಿಗೆ ಹೋದಳು, ಅದನ್ನು ಕಟ್ಟಿದಳು. ಸುಜಾನ್ ಮತ್ತೆ ಕೇಳಿದಳು, ಅದೇ ಮಾತು, ಅದೇ ದನಿ. ಈ ಸಲ ಮಿಶೆಲ್ ಒಂದೇ ಶಬ್ದ ಹೇಳಿದಳು. ರಜನಿ ಮತ್ತು ಇಂದು ಬಾಗಿಲ ಬಳಿ ನಿಂತಿದ್ದರು, ಇಬ್ಬರಿಗೂ ಕೊಂಕಣಿ ಬರುತ್ತಿರಲಿಲ್ಲ. ರಜನಿ ಇಂದುವಿನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಕಾಲು ಗಂಟೆಯ ಮೇಲೆ ಸುಜಾನ್ ಹೊರಗೆ ಬಂದಳು. ಅತ್ತಂತೆ ಕಾಣಲಿಲ್ಲ. ಸ್ಕಾರ್ಫ್ ಸಡಿಲವಾಗಿ ಒಂದು ರೋಲರ್ ಕಿವಿಯ ಮೇಲೆ ಜೋತಾಡುತ್ತಿತ್ತು. ಇಂದು ಅದನ್ನು ಸರಿಮಾಡಲು ಕೈ ಚಾಚಿ ಹಿಂದಕ್ಕೆ ತೆಗೆದಳು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಹನ್ನೊಂದು ದಿನ."

"ಹನ್ನೊಂದು ದಿನ" ಅಂದಳು ಸುಜಾನ್. "ನಿಮಗೂ ಒಂದು ಮಗಳುಂಟು. ನಾನು ಫೋನ್ ಮಾಡಿ ಕೇಳಿದೆ ನಿಮ್ಮನ್ನು. ಅಳತೆ ಕೊಡ್ಲಿಕ್ಕೆ ಹೋಗಿದ್ದೆ ಅಂದ್ರಿ."

"ಯಾರಿಗೂ ಹೇಳಂಗಿಲ್ಲ ಅಂತ ಆಕಿಗೆ ಅಂದಿದ್ದೆ ರೀ. ಮಾತು ಕೊಟ್ಟಿದ್ದೆ."

"ನಾನಾಗಿದ್ರೆ ಅವತ್ತೇ ಬಂದು ಹೇಳ್ತಿದ್ದೆ." ಸುಜಾನ್ ರಸ್ತೆಯ ಕಡೆ ನೋಡಿದಳು. ಒಂದು ಕೆಂಪು ಬಸ್ಸು ನಿಂತು ಜನರನ್ನು ಇಳಿಸಿ ಹೋಯಿತು. "ಅದೇ ನನ್ನ ತಪ್ಪು ಅಂತ ಅವಳು ಹೇಳುದು."

ಆಮೇಲೆ ಮನೆಗೆ ಹೋಗಿ ಸೀರೆಯುಟ್ಟು ಬಂದಳು. ಮದುವೆಯ ಉದ್ದಕ್ಕೂ ಇಂದುವಿನ ಜೊತೆ ಒಂದು ಮಾತೂ ಆಡಲಿಲ್ಲ. ಹತ್ತು ಗಂಟೆಗೆ ಹೊರಡಬೇಕಿದ್ದ ಮಿಶೆಲ್ ಹೊರಡಲಿಲ್ಲ. ಕೆಲಸದ ಬಟ್ಟೆಯ ಮೇಲೆ ರಜನಿಯ ಕೋಟು ಹಾಕಿಕೊಂಡು ಕಡೆಯ ಬೆಂಚಿನಲ್ಲಿ ಕೂತಳು. ಸಂಹಿತಾಳ ಕೈಹಿಡಿದು ನಡೆದುಬರುತ್ತಿದ್ದ ಲಕ್ಷ್ಮೀಶ ಅವಳನ್ನು ಗುರುತಿಸದೆ ಯಾರೋ ಹೂವಿನವರೆಂದು ನಕ್ಕು ಮುಂದೆ ಹೋದ. ಗಿಲ್ಬರ್ಟ್ ಮಾತ್ರ ಪೂಜೆಯ ನಡುವೆ ಮೂರು ಸಲ ಹಿಂತಿರುಗಿ ನೋಡಿದ.

ಇಂದು ಅಲ್ಲಿ ಕೂತು ನೋಡಿದಳು. ಶಾನ್ ಉಂಗುರ ತೊಡಿಸುವಾಗ ಅವನ ಬೆರಳು ನಡುಗಿದ್ದನ್ನು ನೋಡಿದಳು. ಒಂದು ಕ್ಷಣ ಆ ನಡುಕಕ್ಕೂ ಕಾರಣ ಹುಡುಕಲು ಮನಸ್ಸು ಹೊರಟಿತು. ಬಿಡಬೇಕೆಂದುಕೊಂಡಳು. ಪೂರ್ತಿ ಬಿಡಲಾಗಲಿಲ್ಲ. ಮೂವತ್ತು ವರ್ಷದ ಅಭ್ಯಾಸ ಒಂದು ಮಧ್ಯಾಹ್ನಕ್ಕೆ ಹೋಗುವಂಥದ್ದಲ್ಲ.

ಭಾನುವಾರ ಮಂಟಪದ ಕಂಬಗಳ ಮೇಲೆ ಬುಡದಲ್ಲಿ ಗುಲಾಬಿ ಬಣ್ಣ, ಮೇಲೇರಿದಂತೆ ಕೆಂಪಾಗುತ್ತ ತುದಿಯಲ್ಲಿ ಕಡುಗೆಂಪು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಿಶೆಲ್ ನಸುಕಿನಲ್ಲೇ ಬಂದು ಕಟ್ಟಿ ಹೋಗಿದ್ದಳು, ಮುಹೂರ್ತಕ್ಕೆ ನಿಲ್ಲಲಿಲ್ಲ. ಧಾರೆಯ ಹೊತ್ತಿಗೆ ಸುಜಾನ್ ತಾನಾಗಿಯೇ ಬಂದು ಇಂದುವಿನ ಪಕ್ಕದಲ್ಲಿ ನಿಂತಳು. ಪುರೋಹಿತರ ಮಂತ್ರ, ವಾದ್ಯದ ಸದ್ದು, ಅಕ್ಷತೆ ಹಿಡಿದವರ ನೂಕುನುಗ್ಗಲು. ಆ ಗದ್ದಲದಲ್ಲಿ ಅವಳು ಇಂದುವಿನ ಕಿವಿಯ ಹತ್ತಿರ ಬಗ್ಗಿದಳು.

"ಮಿಶೆಲ್ ಬುಧವಾರ ಊಟಕ್ಕೆ ಬರ್ತೇನೆ ಅಂದಿದ್ದಾಳೆ. ಬರ್ತಾಳೋ ಇಲ್ವೋ."

"ಬರ್ತಾಳ ರೀ" ಅಂದಳು ಇಂದು.

"ನಿಮಗೆ ಹೇಗೆ ಗೊತ್ತು?"

ಇಂದುವಿಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದಳು. ಸುಜಾನ್ ತಲೆಯಾಡಿಸಿ, ತನ್ನ ಮುಷ್ಟಿಯಲ್ಲಿದ್ದ ಅಕ್ಷತೆಯಲ್ಲಿ ಅರ್ಧವನ್ನು ಅವಳ ಕೈಗೆ ಸುರಿದಳು. ಇಬ್ಬರೂ ಮಕ್ಕಳ ಕಡೆ ತಿರುಗಿ ನಿಂತರು.